ಯಾರ ರಕ್ತ ಯಾರಿಗೆ, ಮತ್ತು ಯಾವಾಗ?

ಜೂನ್ 14 ಬಂತೆಂದರೆ ನಮ್ಮ ಊರುಗಳಲ್ಲಿ ರಕ್ತದಾನ ಶಿಬಿರಗಳು ಸಾಲುಗಟ್ಟುತ್ತವೆ. ಶಾಮಿಯಾನದ ಕೆಳಗೆ ಗಣ್ಯರ ಭಾಷಣ, ದಾನಿಗಳಿಗೆ ಹಣ್ಣಿನ ರಸ, ಬಿಸ್ಕತ್ತು, ಒಂದು ಪ್ರಮಾಣಪತ್ರ. 2004ರಿಂದ ಈ ದಿನವನ್ನು ವಿಶ್ವ ರಕ್ತದಾನಿಗಳ ದಿನವೆಂದು ಆಚರಿಸಲಾಗುತ್ತಿದೆ. ಆ ದಿನವೇ ಏಕೆ ಎಂಬುದನ್ನು ವೇದಿಕೆಯಿಂದ ಹೇಳಿದವರನ್ನು ಮಾತ್ರ ನಾನು ಕಂಡದ್ದು ಕಡಿಮೆ. ಅದು ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ ಜನ್ಮದಿನ. ಮನುಷ್ಯರ ರಕ್ತವೆಲ್ಲ ಒಂದೇ ಬಗೆಯದಲ್ಲ, ಅದರಲ್ಲಿ ಗುಂಪುಗಳಿವೆ ಎಂಬುದನ್ನು ಲೋಕಕ್ಕೆ ತಿಳಿಸಿದವರು ಅವರು.

ತೀವ್ರ ನಿಗಾ ಘಟಕದಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿರುವ ನನಗೆ ಲ್ಯಾಂಡ್‌ಸ್ಟೈನರ್ ಅವರಲ್ಲಿ ಆಸಕ್ತಿ ಹುಟ್ಟಿದ್ದು ಬೇರೊಂದು ಕಾರಣಕ್ಕೆ. ಯಾರ ರಕ್ತವನ್ನು ಯಾರಿಗೆ ಕೊಡಬಹುದು ಎಂಬ ಪ್ರಶ್ನೆಗೆ ಅವರು ಉತ್ತರ ಕಂಡುಕೊಟ್ಟರು. ನಮ್ಮ ಘಟಕದ ಬಾಗಿಲಲ್ಲಿ ನಿಂತ ಬಂಧುಗಳು ಕೇಳುವುದು ಇನ್ನೊಂದನ್ನು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದೆಯಲ್ಲ, ರಕ್ತ ಏರಿಸುವುದಿಲ್ಲವೇ ಎಂದು ಅವರು ವಿಚಾರಿಸುತ್ತಾರೆ. ಮಗನೋ ಅಳಿಯನೋ ರಕ್ತ ಕೊಡಲು ಅಷ್ಟರಲ್ಲೇ ತೋಳು ಮಡಚಿ ನಿಂತಿರುತ್ತಾರೆ. ಸದ್ಯಕ್ಕೆ ಕೊಡದಿರುವುದೇ ಒಳ್ಳೆಯದು ಎಂದರೆ ನಮ್ಮನ್ನು ಅನುಮಾನದಿಂದ ನೋಡುತ್ತಾರೆ. ಅದನ್ನು ತಪ್ಪೆನ್ನಲಾಗದು. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಈ ಎರಡನೆಯ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳಲು ವೈದ್ಯಲೋಕಕ್ಕೇ ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು. ಅದೇಕೆ ಹಾಗಾಯಿತು ಎಂಬುದು ಲ್ಯಾಂಡ್‌ಸ್ಟೈನರ್ ಅವರ ಬದುಕನ್ನು ಹಿಂಬಾಲಿಸಿದರೆ ಬಹುಮಟ್ಟಿಗೆ ತಿಳಿಯುತ್ತದೆ.

ಅವರಿಗಿಂತ ಮೊದಲು ರಕ್ತಪೂರಣವೆಂಬುದು ಜೂಜಾಗಿತ್ತು. 1667ರಲ್ಲಿ ಪ್ಯಾರಿಸ್ಸಿನಲ್ಲಿ ಝಾನ್ ಬಾಪ್ತಿಸ್ತ್ ದೆನಿ ಎಂಬ ವೈದ್ಯರು ಕುರಿಮರಿಯ ರಕ್ತವನ್ನು ಮನುಷ್ಯನಿಗೆ ಏರಿಸಿದರು. ಮುಂದೆ ಸಾವು, ಮೊಕದ್ದಮೆ ಎಲ್ಲ ನಡೆದು ಕೆಲವೇ ವರ್ಷಗಳಲ್ಲಿ ಆ ಪ್ರಯೋಗವೇ ನಿಷಿದ್ಧವಾಯಿತು. 1818ರಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಮನುಷ್ಯನ ರಕ್ತವನ್ನೇ ಮನುಷ್ಯನಿಗೆ ಕೊಟ್ಟರು. ಹೆರಿಗೆಯಾದ ಮೇಲೆ ರಕ್ತಸ್ರಾವದಿಂದ ಕಣ್ಣೆದುರೇ ಸಾಯುತ್ತಿದ್ದ ಹೆಂಗಸರನ್ನು ಉಳಿಸಬೇಕೆಂಬ ತಳಮಳ ಅವರದು. ಕೆಲವರು ಬದುಕಿದರು, ಕೆಲವರು ಸತ್ತರು. ಬದುಕಿದವರು ಏಕೆ ಬದುಕಿದರು, ಸತ್ತವರು ಏಕೆ ಸತ್ತರು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಲ್ಯಾಂಡ್‌ಸ್ಟೈನರ್ ಹುಟ್ಟಿದ್ದು 1868ರಲ್ಲಿ, ವಿಯೆನ್ನಾ ಸಮೀಪದ ಬಾಡೆನ್‌ನಲ್ಲಿ. ತಂದೆ ಲಿಯೋಪೋಲ್ಡ್ ಹೆಸರಾಂತ ಪತ್ರಕರ್ತರು. ಮಗನಿಗೆ ಆರು ವರ್ಷವಾಗಿದ್ದಾಗ ಅವರು ತೀರಿಕೊಂಡರು. ತಾಯಿ ಫ್ಯಾನಿ ಒಬ್ಬಂಟಿಯಾಗಿ ಮಗನನ್ನು ಬೆಳೆಸಿದರು. ತಾಯಿಯ ಮೇಲೆ ಅವರಿಗಿದ್ದ ಮಮತೆ ಎಷ್ಟರದೆಂದರೆ, ಆಕೆ ಸತ್ತಮೇಲೆ ಮುಖದ ಅಚ್ಚು ತೆಗೆಸಿ ಅದನ್ನು ತಮ್ಮ ಕೋಣೆಯ ಗೋಡೆಗೆ ತೂಗುಹಾಕಿಕೊಂಡಿದ್ದರು. ಕೊನೆಯವರೆಗೂ ಅದು ಅವರೊಡನೆ ಇತ್ತು. ಯೆಹೂದಿ ಮನೆತನದಲ್ಲಿ ಹುಟ್ಟಿದ ಅವರು 1890ರಲ್ಲಿ ಕ್ಯಾಥೊಲಿಕ್ ಆದರು. ಆ ಮೂಲದ ಮಾತು ಬಂದರೆ ಅವರಿಗೆ ಮುಜುಗರವಾಗುತ್ತಿತ್ತು. 1937ರಲ್ಲಿ ಅಮೆರಿಕದ ಯೆಹೂದಿ ಗಣ್ಯರ ಪರಿಚಯ ಗ್ರಂಥವೊಂದರಲ್ಲಿ ತಮ್ಮ ಹೆಸರು ಸೇರುವುದನ್ನು ತಡೆಯಲು ಅವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದರು. ವಿಯೆನ್ನಾದಲ್ಲಿ ಆಗ ಬೀಸುತ್ತಿದ್ದ ಗಾಳಿ ಎಂಥದೆಂದು ಬಲ್ಲವರು ಇದನ್ನು ಓದಿ ನಗಲಾರರು.

1891ರಲ್ಲಿ ವೈದ್ಯಕೀಯ ಪದವಿ ಪಡೆದ ಅವರು ರೋಗಿಗಳ ಕಡೆ ತಿರುಗಲಿಲ್ಲ. ರಸಾಯನಶಾಸ್ತ್ರ ಕಲಿಯಲು ಹೊರಟರು. ಜ್ಯೂರಿಕ್, ವ್ಯೂರ್ಟ್ಸ್‌ಬರ್ಗ್, ಮ್ಯೂನಿಕ್‌ಗಳ ಪ್ರಯೋಗಶಾಲೆಗಳಲ್ಲಿ ಎಮಿಲ್ ಫಿಷರ್‌ರಂಥ ಘಟಾನುಘಟಿಗಳ ಬಳಿ ಕೆಲಸ ಮಾಡಿದರು. ವೈದ್ಯರಾಗಿದ್ದೂ ರಸಾಯನಶಾಸ್ತ್ರಜ್ಞನ ಕಣ್ಣಿನಿಂದ ನೋಡುವ ಅಭ್ಯಾಸ ಅವರಿಗೆ ಹತ್ತಿದ್ದು ಅಲ್ಲಿ. ಆಮೇಲೆ 1898ರಿಂದ ಹತ್ತು ವರ್ಷ ವಿಯೆನ್ನಾ ವಿಶ್ವವಿದ್ಯಾಲಯದ ರೋಗವಿಜ್ಞಾನ ವಿಭಾಗದಲ್ಲಿ ಸಹಾಯಕರಾಗಿದ್ದರು. ಈ ಅವಧಿಯಲ್ಲಿ ಅವರು ನಡೆಸಿದ ಶವಪರೀಕ್ಷೆಗಳ ಸಂಖ್ಯೆ 3,639. ಹಗಲೆಲ್ಲ ಶವಾಗಾರದ ಕೆಲಸ, ಉಳಿದ ಹೊತ್ತಿನಲ್ಲಿ ಸೀರಂ ಮತ್ತು ರಕ್ತಕಣಗಳ ಪ್ರಯೋಗ. ರೋಗಿಯ ಪಕ್ಕದಲ್ಲಿ ಕೂತು ನಾಡಿ ಹಿಡಿಯುವ ವೈದ್ಯರಂತೂ ಅವರಾಗಲಿಲ್ಲ. ಕೋಟಿಗಟ್ಟಲೆ ರೋಗಿಗಳನ್ನು ಉಳಿಸಿದ ಶೋಧ ಅಂಥವರ ಕೈಯಿಂದ ಆಯಿತೆಂಬುದು ನನಗೆ ಇಂದಿಗೂ ಸೋಜಿಗ.

ಆ ಶೋಧವನ್ನು ತುಸು ವಿವರವಾಗಿ ನೋಡಬೇಕು. ಒಬ್ಬನ ಸೀರಂ, ಎಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿದ್ರವ, ಇನ್ನೊಬ್ಬನ ಕೆಂಪು ಕಣಗಳೊಡನೆ ಬೆರೆತಾಗ ಆ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಗಟ್ಟುವುದನ್ನು ಆ ಹೊತ್ತಿಗೆ ಬೇರೆಯವರೂ ಕಂಡಿದ್ದರು. ಆದರೆ ಅವರು ನೋಡುತ್ತಿದ್ದದ್ದು ರೋಗಿಗಳ ರಕ್ತ. ಆದ್ದರಿಂದ ಇದು ರೋಗದ ಲಕ್ಷಣವೆಂದೇ ಬಗೆದಿದ್ದರು. ಲ್ಯಾಂಡ್‌ಸ್ಟೈನರ್ ಮಾಡಿದ್ದು ತೀರ ಸರಳವಾದ ಕೆಲಸ. ಆರೋಗ್ಯವಂತರ ರಕ್ತವನ್ನು ತೆಗೆದುಕೊಂಡರು. ತಮ್ಮದು, ಜೊತೆಗೆ ಪ್ರಯೋಗಶಾಲೆಯ ಸಹೋದ್ಯೋಗಿಗಳದು, ಒಟ್ಟು ಆರು ಮಂದಿಯದು. ಪ್ರತಿಯೊಬ್ಬರ ಸೀರಮ್ಮನ್ನು ಪ್ರತಿಯೊಬ್ಬರ ಕಣಗಳೊಡನೆ ಬೆರೆಸಿ, ಮುದ್ದೆಗಟ್ಟಿದರೆ ಕೂಡು ಚಿಹ್ನೆ, ಇಲ್ಲದಿದ್ದರೆ ಕಳೆ ಚಿಹ್ನೆ ಹಾಕಿ ಒಂದು ಕೋಷ್ಟಕ ಬರೆದರು. ರೋಗದ ಸೋಂಕೇ ಇಲ್ಲದವರಲ್ಲೂ ಮುದ್ದೆಗಟ್ಟುವಿಕೆ ಕಂಡಿತು. ಅದು ಮನಬಂದಂತೆ ಕಾಣಿಸಲಿಲ್ಲ, ಅದಕ್ಕೊಂದು ಕ್ರಮವಿತ್ತು. 1901ರ ಪ್ರಬಂಧದಲ್ಲಿ ಅವರು ಮೂರು ಗುಂಪುಗಳನ್ನು ಗುರುತಿಸಿದರು: ಎ, ಬಿ, ಸಿ. ಈ ಸಿ ಎಂಬುದೇ ಮುಂದೆ ಓ ಆಯಿತು. ನಾಲ್ಕನೆಯದಾದ ಎಬಿ ಗುಂಪನ್ನು ಮರುವರ್ಷ ಅವರ ಬಳಗದವರಾದ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಕಂಡುಹಿಡಿದರು.

ಅಷ್ಟು ದೊಡ್ಡ ಶೋಧ ಮಾಡಿದ ಮನುಷ್ಯ ಅದನ್ನು ಹೇಗೆ ಸಾರಿದರು? ಪ್ರಬಂಧ ಕೆಲವೇ ಪುಟಗಳದು. ರೋಗಿಗಳಿಗೆ ರಕ್ತ ಕೊಟ್ಟಾಗ ಒಮ್ಮೊಮ್ಮೆ ಒಂದೊಂದು ಪರಿಣಾಮವಾಗುವುದಕ್ಕೆ ಈ ಅವಲೋಕನದಿಂದ ವಿವರಣೆ ಸಿಗಬಹುದು ಎಂದು ಕೊನೆಯಲ್ಲಿ ಒಂದು ವಾಕ್ಯ ಸೇರಿಸಿ ಸುಮ್ಮನಾದರು. ಇನ್ನು ಮುಂದೆ ರಕ್ತ ಏರಿಸುವುದು ಸುರಕ್ಷಿತವೆಂದು ಅವರು ಘೋಷಿಸಲಿಲ್ಲ. ಪ್ರನಾಳದಲ್ಲಿ ಕಂಡದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳದ ಈ ಸಂಯಮ ಅವರ ಬರಹದ ಉದ್ದಕ್ಕೂ ಇದೆ. ಸ್ವಭಾವದಲ್ಲಿ ಅವರು ಸಂಶಯಿ, ಅಂತರ್ಮುಖಿ, ತಮ್ಮ ಫಲಿತಾಂಶವನ್ನೇ ಮತ್ತೆ ಮತ್ತೆ ಪರೀಕ್ಷಿಸದೆ ನಂಬದವರು. ಪಿಯಾನೊವನ್ನು ಚೆನ್ನಾಗಿ ನುಡಿಸುತ್ತಿದ್ದರು ಎಂಬುದೊಂದೇ ಅವರ ಬಗ್ಗೆ ಹೇಳಬಹುದಾದ ಹಗುರವಾದ ಸಂಗತಿ.

ಆ ಒಂದು ವಾಕ್ಯವನ್ನು ಬಹಳ ಮಂದಿ ಗಮನಿಸಲಿಲ್ಲ. ರಕ್ತ ಏರಿಸುವ ಮೊದಲು ಹೊಂದಾಣಿಕೆಯನ್ನು ಪರೀಕ್ಷಿಸುವ ಕೆಲಸವನ್ನು ನ್ಯೂಯಾರ್ಕಿನ ರೂಬೆನ್ ಒಟೆನ್‌ಬರ್ಗ್ ಆರಂಭಿಸಿದ್ದು 1907ರಲ್ಲಿ. ಆಗಲೂ ರಕ್ತ ಕೊಡುವುದೆಂದರೆ ಒಂದು ಶಸ್ತ್ರಚಿಕಿತ್ಸೆಯೇ. ದಾನಿಯನ್ನು ರೋಗಿಯ ಪಕ್ಕದಲ್ಲಿ ಮಲಗಿಸಿ, ಅವನ ಅಪಧಮನಿಯನ್ನು ರೋಗಿಯ ಅಭಿಧಮನಿಗೆ ಜೋಡಿಸಬೇಕಾಗಿತ್ತು. ಎಷ್ಟು ರಕ್ತ ಹರಿಯಿತೆಂದು ಅಳೆಯುವುದೂ ಕಷ್ಟ. ಅಂಥ ಕಾಲದಲ್ಲಿ ಪ್ರಾಣಕ್ಕೇ ಸಂಚಕಾರ ಬಂದ ಹೊರತು ಯಾವ ವೈದ್ಯನೂ ರಕ್ತದ ಮಾತೆತ್ತುತ್ತಿರಲಿಲ್ಲ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ಲ್ಯಾಂಡ್‌ಸ್ಟೈನರ್ ಅಷ್ಟರಲ್ಲಿ ಬೇರೆ ಕೆಲಸಗಳಿಗೆ ತಿರುಗಿದ್ದರು. 1908ರಲ್ಲಿ ವಿಲ್ಹೆಲ್ಮಿನಾ ಆಸ್ಪತ್ರೆಯ ಶವಪರೀಕ್ಷಾ ವಿಭಾಗದ ಮುಖ್ಯಸ್ಥರಾದರು. ಪೋಲಿಯೊದಿಂದ ಸತ್ತ ಮಗುವಿನ ಬೆನ್ನುಹುರಿಯ ಅಂಶವನ್ನು ಮಂಗಗಳಿಗೆ ಚುಚ್ಚಿ, ಆ ರೋಗ ದಾಟಿಸಬಹುದಾದ ಸೋಂಕೆಂದು ಎರ್ವಿನ್ ಪಾಪ್ಪರ್ ಜೊತೆಗೂಡಿ ತೋರಿಸಿದರು. ಮತ್ತೊಬ್ಬರಿಗಾದರೆ ಇದೊಂದೇ ಜೀವಮಾನದ ಕೀರ್ತಿಗೆ ಸಾಕಾಗುತ್ತಿತ್ತು. 1911ರಲ್ಲಿ ವಿಶ್ವವಿದ್ಯಾಲಯ ಅವರಿಗೆ ಪ್ರಾಧ್ಯಾಪಕ ಪದವಿ ಕೊಟ್ಟಿತು. ಪದವಿಗೆ ತಕ್ಕ ಸಂಬಳ ಕೊಡಲಿಲ್ಲ. 1916ರಲ್ಲಿ, ನಲವತ್ತೆಂಟರ ಹತ್ತಿರದಲ್ಲಿ, ಹೆಲೆನ್ ವ್ಲಾಸ್ತೊ ಅವರನ್ನು ಮದುವೆಯಾದರು. ಮರುವರ್ಷ ಮಗ ಹುಟ್ಟಿದ.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಆಸ್ಟ್ರಿಯಾದ ಸಾಮ್ರಾಜ್ಯ ಚೂರಾಗಿತ್ತು. ವಿಯೆನ್ನಾದಲ್ಲಿ ಅನ್ನಕ್ಕೂ ಉರುವಲಿಗೂ ತತ್ವಾರ. ವಿಜ್ಞಾನದ ಕೆಲಸ ಮಾಡುವ ಮಾತು ದೂರವೇ ಉಳಿಯಿತು. 1919ರಲ್ಲಿ ಹೆಂಡತಿ, ಮಗನೊಡನೆ ನೆದರ್ಲೆಂಡ್ಸಿನ ಹೇಗ್ ನಗರಕ್ಕೆ ಹೋಗಿ, ಅಲ್ಲಿಯ ಸಣ್ಣದೊಂದು ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ರಕ್ತದ ಗುಂಪುಗಳನ್ನು ಕಂಡುಹಿಡಿದವರು, ಪೋಲಿಯೊ ಸೋಂಕೆಂದು ತೋರಿಸಿದವರು, ಐವತ್ತರ ವಯಸ್ಸಿನಲ್ಲಿ ದಿನವೂ ಮೂತ್ರ ಮತ್ತು ರಕ್ತದ ಮಾಮೂಲಿ ಪರೀಕ್ಷೆ ಮಾಡಿ ಸಂಸಾರ ತೂಗಿಸಿದರು.

ಆ ವರ್ಷಗಳಲ್ಲೇ ಅವರ ಶೋಧ ಅವರನ್ನು ಬಿಟ್ಟು ಬಹು ಮುಂದೆ ಹೋಗಿತ್ತು. ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟದೆ ಉಳಿಯುತ್ತದೆಂದು 1914-15ರಲ್ಲಿ ಬ್ರಸೆಲ್ಸ್, ಬ್ಯೂನಸ್ ಐರಿಸ್, ನ್ಯೂಯಾರ್ಕ್‌ಗಳ ವೈದ್ಯರು ಬೇರೆಬೇರೆಯಾಗಿ ತೋರಿಸಿಕೊಟ್ಟರು. 1917ರಲ್ಲಿ ಆಸ್ವಾಲ್ಡ್ ರಾಬರ್ಟ್‌ಸನ್ ಓ ಗುಂಪಿನ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಯುದ್ಧಭೂಮಿಯ ಗಾಯಾಳುಗಳಿಗೆ ಕೊಟ್ಟರು. ದಾನಿ ಮತ್ತು ರೋಗಿ ಒಂದೇ ಕೋಣೆಯಲ್ಲಿ ಮಲಗಬೇಕಾದ ಅಗತ್ಯ ತಪ್ಪಿತು.

1922ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಿಂದ ಆಹ್ವಾನ ಬಂದಾಗ ಲ್ಯಾಂಡ್‌ಸ್ಟೈನರ್ ಅಟ್ಲಾಂಟಿಕ್ ದಾಟಿದರು. ಅಲ್ಲಿ ಅವರು ತಲ್ಲೀನರಾದದ್ದು ಪ್ರತಿಕಾಯಗಳ ರಸಾಯನದಲ್ಲಿ. ಸಣ್ಣ ಅಣುವೊಂದರ ರಚನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಪ್ರತಿಕಾಯ ಅದನ್ನು ಹೇಗೆ ಗುರುತಿಸುತ್ತದೆ ಎಂಬುದು ಅವರ ನಿಜವಾದ ಪ್ರೀತಿಯ ವಿಷಯ. 1930ರಲ್ಲಿ ರಕ್ತದ ಗುಂಪುಗಳ ಶೋಧಕ್ಕೆ ನೊಬೆಲ್ ಬಂದಾಗ, ತಮ್ಮ ಈ ಇನ್ನೊಂದು ಕೆಲಸವೇ ಹೆಚ್ಚಿನದೆಂದು ಅವರಿಗೆ ಅನ್ನಿಸಿತ್ತೆಂದು ಹೇಳುತ್ತಾರೆ. ಶೋಧ ನಡೆದು ಆಗಲೇ ಸುಮಾರು ಮೂವತ್ತು ವರ್ಷ. 1927ರಲ್ಲಿ ಫಿಲಿಪ್ ಲೆವಿನ್ ಜೊತೆ ಎಂ, ಎನ್, ಪಿ ಅಂಶಗಳನ್ನೂ, 1940ರಲ್ಲಿ ಅಲೆಕ್ಸಾಂಡರ್ ವೀನರ್ ಜೊತೆ ಆರ್‌ಎಚ್ ಅಂಶವನ್ನೂ ಅವರು ಪ್ರಕಟಿಸಿದರು. ನಮ್ಮ ಗುರುತಿನ ಚೀಟಿಗಳಲ್ಲಿ ಬಿ ಪಾಸಿಟಿವ್, ಓ ನೆಗೆಟಿವ್ ಎಂದು ಬರೆದಿರುತ್ತದಲ್ಲ, ಆ ಎರಡು ಪದಗಳಲ್ಲಿ ಮೊದಲನೆಯದು ಅವರ ಮೂವತ್ತೆರಡು-ಮೂವತ್ಮೂರನೆಯ ವಯಸ್ಸಿನ ಕೆಲಸ, ಎರಡನೆಯದು ಎಪ್ಪತ್ತು ದಾಟಿದ ಮೇಲಿನದು.

ಅವರ ಕೊನೆಯ ವರ್ಷಗಳಲ್ಲಿ ಎರಡು ಸಂಗತಿಗಳು ನಡೆದವು. ಎರಡರಲ್ಲೂ ಅವರ ಕೈವಾಡವಿರಲಿಲ್ಲ. 1937ರಲ್ಲಿ ಶಿಕಾಗೊದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ರಕ್ತನಿಧಿ ಸ್ಥಾಪಿಸಿದರು. ರಕ್ತವನ್ನು ಸಂಗ್ರಹಿಸಿಟ್ಟು ಬೇಕಾದಾಗ ತೆಗೆಯುವ ಏರ್ಪಾಡಿಗೆ ಬ್ಯಾಂಕ್ ಎಂಬ ಹೆಸರು ಬಂದದ್ದು ಅಲ್ಲಿಂದ. 1942ರಲ್ಲಿ ಆಡಮ್ಸ್ ಮತ್ತು ಲುಂಡಿ ಎಂಬ ಇಬ್ಬರು ಅಮೆರಿಕನ್ ವೈದ್ಯರು, ಶಸ್ತ್ರಚಿಕಿತ್ಸೆಗೆ ಮೊದಲು ಹಿಮೋಗ್ಲೋಬಿನ್ ನೂರು ಮಿಲಿಲೀಟರಿಗೆ 10 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತ ಕೊಡುವುದು ಒಳಿತೆಂದು ಬರೆದರು. ಅದು ಅನುಭವದ ಮಾತು. ಅದರ ಹಿಂದೆ ತುಲನಾತ್ಮಕ ಪ್ರಯೋಗವೇನೂ ಇರಲಿಲ್ಲ. ಶೀತಕಪೆಟ್ಟಿಗೆಯಲ್ಲಿ ಬಾಟಲಿ, ಕೈಯಲ್ಲಿ ಒಂದು ಅಂಕಿ: ಇವೆರಡು ಸೇರಿದ ಮೇಲೆ ನಿರ್ಧಾರವೆಂಬುದು ನಿರ್ಧಾರವಾಗಿಯೇ ಉಳಿಯಲಿಲ್ಲ. ಅಪಧಮನಿ ಹೊಲಿಯುವ ಕಾಲದಲ್ಲಿ ವೈದ್ಯ ನೂರು ಸಲ ಯೋಚಿಸುತ್ತಿದ್ದ. ಈಗ ಒಂದು ಚೀಟಿ ಬರೆದರಾಯಿತು. ಹತ್ತರ ಅಂಕಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತ ಐವತ್ತು ವರ್ಷಕ್ಕೂ ಮಿಕ್ಕಿ ವೈದ್ಯರನ್ನು ಆಳಿತು. ನನ್ನ ವಿದ್ಯಾರ್ಥಿ ದಿನಗಳಲ್ಲಿ ನಾವೂ ಅದನ್ನೇ ಕಲಿತೆವು.

1939ರಲ್ಲಿ ಅಧಿಕೃತವಾಗಿ ನಿವೃತ್ತರಾದರೂ ಲ್ಯಾಂಡ್‌ಸ್ಟೈನರ್ ಪ್ರಯೋಗಶಾಲೆಯನ್ನು ಬಿಡಲಿಲ್ಲ. ಹೆಂಡತಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿತ್ತು. ಅವರು ಆ ಹುಣ್ಣಿನ ಮೇಲೂ ಪ್ರಯೋಗ ಹೂಡಿದ್ದರು. 1943ರ ಜೂನ್ 24ರಂದು ಕೆಲಸದ ಮೇಜಿನ ಬಳಿಯೇ ಹೃದಯಾಘಾತವಾಯಿತು. ಎರಡು ದಿನಗಳ ನಂತರ, ತಾವು ದುಡಿದ ಸಂಸ್ಥೆಯ ಆಸ್ಪತ್ರೆಯಲ್ಲೇ ತೀರಿಕೊಂಡರು. ಅದೇ ವರ್ಷಾಂತ್ಯದೊಳಗೆ ಹೆಲೆನ್ ಕೂಡ ಹೋದರು. ಅಮೆರಿಕದ ನ್ಯಾಂಟಕೆಟ್ ದ್ವೀಪದಲ್ಲಿ ಅವರ ಸಮಾಧಿಯಿದೆ.

ರೋಗಿಯನ್ನು ಬಿಟ್ಟು ಆರೋಗ್ಯವಂತರ ರಕ್ತವನ್ನು ನೋಡಿದ್ದರಿಂದ ಲ್ಯಾಂಡ್‌ಸ್ಟೈನರ್ ಅವರಿಗೆ ಸತ್ಯ ಹೊಳೆದಿತ್ತು. ಹೋಲಿಸಿ ನೋಡುವ ಅದೇ ಕೆಲಸವನ್ನು ತೀವ್ರ ನಿಗಾ ಘಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಕೆನಡಾದ ವೈದ್ಯರು. ಪಾಲ್ ಎಬೇರ್ ಮತ್ತು ಸಂಗಡಿಗರು 838 ಮಂದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಹಿಮೋಗ್ಲೋಬಿನ್ ಹತ್ತಕ್ಕಿಂತ ಇಳಿದೊಡನೆ ರಕ್ತ. ಇನ್ನೊಂದು ಪಾಲಿನವರಿಗೆ ಏಳಕ್ಕಿಂತ ಇಳಿದರೆ ಮಾತ್ರ. 1999ರಲ್ಲಿ ಫಲಿತಾಂಶ ಹೊರಬಂತು. ಮೂವತ್ತು ದಿನಗಳೊಳಗೆ ಸತ್ತವರು ಧಾರಾಳವಾಗಿ ರಕ್ತ ಪಡೆದವರಲ್ಲಿ ಶೇ 23.3, ಕಡಿಮೆ ಪಡೆದವರಲ್ಲಿ ಶೇ 18.7. ಒಟ್ಟಾರೆ ಈ ಅಂತರ ಆಕಸ್ಮಿಕವಿರಬಹುದೆಂದು ಸಂಖ್ಯಾಶಾಸ್ತ್ರ ಎಚ್ಚರಿಸಿತು. ಆದರೆ ಐವತ್ತೈದರ ಒಳಗಿನವರಲ್ಲಿ ಹಾಗೂ ಅಷ್ಟೇನೂ ವಿಷಮಿಸದವರಲ್ಲಿ, ಕಡಿಮೆ ರಕ್ತದಿಂದಾದ ಲಾಭ ಸ್ಪಷ್ಟವಾಗಿತ್ತು. ಹೆಚ್ಚು ಕೊಟ್ಟದ್ದರಿಂದ ಯಾರಿಗೂ ಉಪಕಾರವಾದಂತೆ ಕಾಣಲಿಲ್ಲ.

ಇದು ಹೇಗೆ ಸಾಧ್ಯವೆಂದು ಬಂಧುಗಳು ಕೇಳುತ್ತಾರೆ. ರಕ್ತ ಕಡಿಮೆಯಾದಾಗ ದೇಹ ಸುಮ್ಮನೆ ಕೂರುವುದಿಲ್ಲ. ಹೃದಯ ಹೆಚ್ಚು ರಕ್ತವನ್ನು ನೂಕುತ್ತದೆ, ಅಂಗಾಂಶಗಳು ಹರಿದು ಬಂದ ಆಮ್ಲಜನಕದಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತವೆ. ಇತ್ತ ಬಾಟಲಿಯ ರಕ್ತವೂ ಬರಿಯ ಅಮೃತವಲ್ಲ. ಅದರಿಂದ ಶ್ವಾಸಕೋಶದಲ್ಲಿ ನೀರು ತುಂಬಬಹುದು, ದಾನಿಯ ಪ್ರತಿಕಾಯಗಳು ಶ್ವಾಸಕೋಶವನ್ನು ಕೆರಳಿಸಬಹುದು, ಹೆಸರು ಬದಲಾಗಿ ತಪ್ಪು ಗುಂಪಿನದು ಸೇರುವ ಅಪಾಯವೂ ಪೂರ್ತಿ ಇಲ್ಲವಾಗಿಲ್ಲ. ರಕ್ತ ಇಳಿಯುವುದರಲ್ಲಿ ನಮ್ಮದೇ ಪಾಲೂ ಇದೆ. ಪಶ್ಚಿಮ ಯುರೋಪಿನ ತೀವ್ರ ನಿಗಾ ಘಟಕಗಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪರೀಕ್ಷೆಗೆಂದೇ ರೋಗಿಯೊಬ್ಬನಿಂದ ದಿನಕ್ಕೆ ಸರಾಸರಿ 41 ಮಿಲಿಲೀಟರ್ ರಕ್ತ ತೆಗೆಯಲಾಗುತ್ತಿತ್ತು. ನಮ್ಮಲ್ಲಿ ದಾನಿ ಒಮ್ಮೆಗೆ ಕೊಡುವುದು ಸಾಮಾನ್ಯವಾಗಿ 350 ಮಿಲಿಲೀಟರ್. ಒಂಬತ್ತು ದಿನ ಮಲಗಿದ ರೋಗಿಯಿಂದ ಅಷ್ಟನ್ನೂ ನಾವೇ ಹೀರಿರುತ್ತೇವೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಹಣಕ್ಕೆ ರಕ್ತ ಮಾರುವವರಿಂದ ಸಂಗ್ರಹಿಸುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿತು. 1998ರ ಜನವರಿಯಿಂದ ಅದು ಜಾರಿಗೆ ಬಂತು. ಒಳ್ಳೆಯ ಆದೇಶ. ಆದರೆ ಸ್ವಯಂಪ್ರೇರಿತ ದಾನಿಗಳು ಸಾಲದ ಕಡೆ, ಬದಲಿ ರಕ್ತ ಹೊಂದಿಸುವ ಹೊರೆ ರೋಗಿಯ ಮನೆಯವರ ಹೆಗಲಿಗೆ ಬೀಳುತ್ತದೆ. ನಾನು ಯೋಚಿಸದೆ ಬರೆದ ಒಂದು ಚೀಟಿಯಿಂದ ಹಳ್ಳಿಯಿಂದ ಬಂದ ಕುಟುಂಬವೊಂದು ಇಡೀ ರಾತ್ರಿ ಊರಿಗೆಲ್ಲ ಫೋನು ಮಾಡುತ್ತ ಕೂರಬೇಕಾಗುತ್ತದೆ. ಆ ಬಾಟಲಿಗಾಗಿ ಬೇರೆಲ್ಲೋ ಹೆರಿಗೆಯಾದ ತಾಯಿಯೊಬ್ಬಳು ಕಾಯುತ್ತಿರಬಹುದು.

ಆಕೆಗೆ ಏಳು, ಹತ್ತು ಎಂಬ ಲೆಕ್ಕಗಳಾವುವೂ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು. ರಕ್ತ ಧಾರಾಕಾರ ಹರಿಯುತ್ತಿರುವಾಗ ಹಿಮೋಗ್ಲೋಬಿನ್ನಿನ ಅಂಕಿ ನಿಜ ಹೇಳುವುದಿಲ್ಲ. ರಿಪೋರ್ಟಿಗೆ ಕಾದವರು ರೋಗಿಯನ್ನು ಕಳೆದುಕೊಳ್ಳುತ್ತಾರೆ. ಬ್ಲಂಡೆಲ್ ಕಂಡ ಕಷ್ಟ ಇಂದಿಗೂ ಅಷ್ಟೇ ತುರ್ತಿನದು.

ಏಳೆಂಬ ಅಂಕಿಯೂ ಹತ್ತರಂತೆ ಇನ್ನೊಂದು ಮಂತ್ರವಾಗಿಬಿಡುವ ಭಯ ನನಗಿತ್ತು. ಸೋಂಕು ರಕ್ತಕ್ಕೇರಿ ಆಘಾತಕ್ಕೊಳಗಾದವರಲ್ಲಿ ಏಳಕ್ಕೂ ಒಂಬತ್ತಕ್ಕೂ ವ್ಯತ್ಯಾಸವಿಲ್ಲವೆಂದು 2014ರ ಪ್ರಯೋಗವೊಂದು ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲು, ಜಠರ, ಅನ್ನನಾಳಗಳಿಂದ ರಕ್ತ ಸೋರುವವರಲ್ಲಿ ಏಳರವರೆಗೆ ಕಾಯುವುದೇ ಮೇಲೆಂದು ಬಾರ್ಸಿಲೋನಾದಿಂದ ವರದಿ ಬಂದಿತ್ತು. ಆದರೆ 2023ರಲ್ಲಿ, ಹೃದಯಾಘಾತದ ಜೊತೆಗೆ ರಕ್ತಹೀನತೆಯೂ ಇದ್ದ 3,504 ಮಂದಿಯ ಪ್ರಯೋಗದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಸಾವು ಅಥವಾ ಮರು ಹೃದಯಾಘಾತ ಕಡಿಮೆ ರಕ್ತ ಪಡೆದವರಲ್ಲಿ ಶೇ 16.9, ಹೆಚ್ಚು ಪಡೆದವರಲ್ಲಿ ಶೇ 14.5. ಖಚಿತವೆನ್ನುವಷ್ಟಲ್ಲ, ಅಲಕ್ಷಿಸುವಷ್ಟೂ ಅಲ್ಲ. 2024ರಲ್ಲಿ ಮಿದುಳಿಗೆ ಪೆಟ್ಟಾದವರ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಒಂಬತ್ತಕ್ಕಿಂತ ಇಳಿಯಲು ಬಿಡದೆ ರಕ್ತ ಕೊಟ್ಟವರ ಚೇತರಿಕೆ ಉತ್ತಮವಾಗಿತ್ತು. ಹೃದಯ, ಮಿದುಳುಗಳ ವಿಷಯದಲ್ಲಿ ಏಳೆಂದು ಹಟ ಹಿಡಿಯುವ ಧೈರ್ಯ ಈಗ ನನಗಿಲ್ಲ.

ಆದ್ದರಿಂದ ಹಿಮೋಗ್ಲೋಬಿನ್ ಎಂಟು ಎಂಬ ರಿಪೋರ್ಟು ಕೈಗೆ ಬಂದಾಗ ನಾನು ಮೊದಲು ರೋಗಿಯ ಬಳಿಗೆ ಹೋಗುತ್ತೇನೆ. ನಾಡಿ ಓಡುತ್ತಿದೆಯೇ, ಎದೆನೋವಿದೆಯೇ, ರಕ್ತ ಎಲ್ಲಾದರೂ ಸೋರುತ್ತಿದೆಯೇ, ಹೃದಯ ಹಿಂದೆಂದಾದರೂ ಕೈಕೊಟ್ಟದ್ದುಂಟೇ ಎಂದು ನೋಡುತ್ತೇನೆ. ಇವೇನೂ ಇಲ್ಲದಿದ್ದರೆ ಮನೆಯವರನ್ನು ಕೂರಿಸಿ, ಕಾಯೋಣವೆಂದು ವಿವರಿಸುತ್ತೇನೆ. ಅದಕ್ಕೆ ಹಿಡಿಯುವ ಹೊತ್ತು ಚೀಟಿ ಬರೆಯುವುದಕ್ಕಿಂತ ಬಹಳ ಹೆಚ್ಚು. ರಕ್ತ ಬೇಕೇಬೇಕೆಂದು ಕಂಡಾಗ ಒಂದು ಬಾಟಲಿಯನ್ನಷ್ಟೇ ತರಿಸುತ್ತೇನೆ. ರಕ್ತನಿಧಿಯಲ್ಲಿ ಯಾರೋ ದಾನಿಯ ಕಣವನ್ನೂ ನಮ್ಮ ರೋಗಿಯ ಸೀರಮ್ಮನ್ನೂ ಬೆರೆಸಿ, ಮುದ್ದೆಗಟ್ಟುತ್ತದೆಯೇ ಎಂದು ನೋಡಿ ಕಳುಹಿಸುತ್ತಾರೆ. ಅದು ಏರಿ ಮುಗಿದ ಮೇಲೆ ರೋಗಿಯನ್ನೂ ಹಿಮೋಗ್ಲೋಬಿನ್ನನ್ನೂ ಮತ್ತೊಮ್ಮೆ ನೋಡುತ್ತೇವೆ. ಎರಡನೆಯ ಬಾಟಲಿಯ ಮಾತು ಆಮೇಲೆ.